ಮೊದಲ ಹೂವಿನ ತಾರೀಖು ಸಾಲದು: ಹೂಬಿಡುವ ಕಾಲವನ್ನು ದಾಖಲಿಸಿದ ನನ್ನ ಅನುಭವ

ನಾನು ಮಂಡ್ಯದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ; ಮನೆ ಇರುವುದು ಮೈಸೂರಿನಲ್ಲಿ. ಹವಾಮಾನ ಬದಲಾವಣೆಯಿಂದ ಗಿಡಮರಗಳು ಹೂಬಿಡುವ ಕಾಲ ಹೇಗೆ ಸರಿಯುತ್ತಿದೆ ಎಂಬ ಪಾಠಕ್ಕೆ ಸಿಗುವ ಉದಾಹರಣೆಗಳೆಲ್ಲ ಶೀತ ಪ್ರದೇಶಗಳವು: ಜಪಾನಿನ ಚೆರ್ರಿ, ಅಮೆರಿಕದ ಬೆಟ್ಟದ ಹುಲ್ಲುಗಾವಲು, ಗ್ರೀನ್‌ಲ್ಯಾಂಡಿನ ಟಂಡ್ರಾ, ಹಿಮಾಲಯದ ಬುರಾಂಶ್ ಎಂಬ ಕೆಂಪು ಹೂವಿನ ರೋಡೋಡೆಂಡ್ರಾನ್ ಮರ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ ಆಗಿರುತ್ತದೆ: ನಮ್ಮ ಹೊಂಗೆ, ಬೇವು, ಮಾವುಗಳೂ ಹಾಗೆಯೇ ಬೇಗ ಹೂಬಿಡುತ್ತಿವೆಯೇ? ಇದಕ್ಕೆ ಅಂದಾಜಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ದಾಖಲೆ ಇಲ್ಲದ ಕಡೆ ದಾಖಲೆಯನ್ನು ನಾವೇ ಆರಂಭಿಸಬೇಕು ಎಂದು ತೀರ್ಮಾನಿಸಿ, ವಿದ್ಯಾರ್ಥಿಗಳ ಜೊತೆ ಮೈಸೂರು ಮತ್ತು ಮಂಡ್ಯದ ಕೆಲವು ಮರಗಳನ್ನು ಆರಿಸಿಕೊಂಡು ವಾರವಾರವೂ ನೋಡಿ ಬರೆದಿಡುವ ಕೆಲಸಕ್ಕೆ ಕೈಹಾಕಿದೆ. ಹೇಗೆ ನೋಡಬೇಕು, ಏನನ್ನು ಎಣಿಸಬೇಕು ಎಂಬುದನ್ನು ನಾನು ಕಲಿತದ್ದು ಬಹುಮಟ್ಟಿಗೆ ಆ ಶೀತ ಪ್ರದೇಶಗಳ ದಾಖಲೆಗಳಿಂದಲೇ. ಅಲ್ಲಿಯ ತೀರ್ಮಾನಗಳನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲಾಗದು ಎಂಬುದೂ ಅದೇ ಕೆಲಸದಲ್ಲಿ ಮನವರಿಕೆಯಾಯಿತು.

ಮೊದಲು ಬಗೆಹರಿಸಬೇಕಾಗಿದ್ದು ಕಾಲವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ವಿಷಯ. ನಮ್ಮ ಕಡೆ ಬೇವಿನ ಹೂವಿನ ಮಾತು ಬಂದರೆ ಅದು ಯುಗಾದಿಗೇ ಅಂಟಿಕೊಂಡಿರುತ್ತದೆ. ಬೇವು ಬೆಲ್ಲಕ್ಕೆ ಹೂವು ಸಿಕ್ಕಿತೇ, ಇನ್ನೂ ಮೊಗ್ಗಾಗಿತ್ತೇ, ಆಗಲೇ ಉದುರಿಹೋಗಿತ್ತೇ ಎಂಬುದನ್ನು ಹಿರಿಯರು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ. ಆ ನೆನಪು ಬೆಲೆಯುಳ್ಳದ್ದೇ ಹೌದು. ಆದರೆ ಯುಗಾದಿ ಚಾಂದ್ರಮಾನದ ಹಬ್ಬ: 2021ರಲ್ಲಿ ಅದು ಏಪ್ರಿಲ್ 13ಕ್ಕೆ ಬಂದಿತ್ತು, 2023ರಲ್ಲಿ ಮಾರ್ಚ್ 22ಕ್ಕೆ. ಮರವು ಎರಡೂ ವರ್ಷ ಒಂದೇ ದಿನ ಹೂಬಿಟ್ಟಿದ್ದರೂ ಹಬ್ಬದ ಲೆಕ್ಕದಲ್ಲಿ ಇಪ್ಪತ್ತೆರಡು ದಿನಗಳ ವ್ಯತ್ಯಾಸ ಕಾಣುತ್ತದೆ. ಮರವು ಸೂರ್ಯನ ಗತಿಗೂ ಹವೆಗೂ ಓಗೊಡುತ್ತದೆಯೇ ಹೊರತು ಅಧಿಕ ಮಾಸಕ್ಕಲ್ಲ. ಆದ್ದರಿಂದ ಮನೆಯ ಹಿರಿಯರಿಂದ ಮಾಹಿತಿ ಕೇಳಿ ತರುವ ವಿದ್ಯಾರ್ಥಿಗಳಿಗೆ, ಆ ವರ್ಷದ ಪಂಚಾಂಗವನ್ನು ತೆಗೆದು ಹಬ್ಬದ ದಿನವನ್ನು ಇಂಗ್ಲಿಷ್ ತಾರೀಖಿಗೆ ಬದಲಿಸಿ, ಅದನ್ನು ವರ್ಷದ ಎಷ್ಟನೆಯ ದಿನ ಎಂದು ಬರೆಯುವುದನ್ನು ಕಡ್ಡಾಯ ಮಾಡಿದೆ.

ಜಪಾನಿನ ಕ್ಯೋಟೋ ನಗರದ ಚೆರ್ರಿ ಹೂವಿನ ದಾಖಲೆಯೂ ಇಂಥದೇ ಪರಿವರ್ತನೆಯ ಮೇಲೆ ನಿಂತಿದೆ. ಆಸ್ಥಾನದವರು, ಭಿಕ್ಷುಗಳು, ಅಧಿಕಾರಿಗಳು ತಮ್ಮ ದಿನಚರಿಗಳಲ್ಲಿ ಹೂವು ನೋಡುವ ಕೂಟಗಳ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ಹೆಕ್ಕಿ, ಹಳೆಯ ಪಂಚಾಂಗದ ದಿನಗಳನ್ನು ಇಂದಿನ ತಾರೀಖಿಗೆ ಇಳಿಸಿ, ಒಸಾಕಾದ ಸಂಶೋಧಕ ಯಾಸುಯುಕಿ ಆಓನೋ ಅವರು ಕ್ರಿ.ಶ. 812ರವರೆಗೆ ಹಿಂದಕ್ಕೆ ಹೋಗುವ ಸರಣಿಯೊಂದನ್ನು ಕಟ್ಟಿದರು. ಸಾವಿರದ ಇನ್ನೂರು ವರ್ಷಗಳ ಆ ಸರಣಿಯಲ್ಲಿ ಹೂವು ತುಂಬಿ ನಿಂತ ದಿನ ಶತಮಾನಗಟ್ಟಲೆ ಏಪ್ರಿಲ್ ನಡುಭಾಗದ ಆಸುಪಾಸಿನಲ್ಲೇ ತೂಗಾಡಿದೆ. ಹತ್ತೊಂಬತ್ತನೆಯ ಶತಮಾನದ ನಂತರ ಅದು ಒಂದೇ ದಿಕ್ಕಿಗೆ ಸರಿಯತೊಡಗಿ, 2021ರಲ್ಲಿ ಮಾರ್ಚ್ 26ಕ್ಕೆ ಬಂದು ಮುಟ್ಟಿತು. ಅದಕ್ಕೂ ಹಿಂದಿನ ಅತಿ ಬೇಗನೆಯ ದಿನ 1409ರ ಮಾರ್ಚ್ 27. ಒಂದು ಬಿಡಿ ವರ್ಷವನ್ನು ನೋಡಿದರೆ ಆರುನೂರು ವರ್ಷಗಳ ಹಿಂದೆಯೂ ಹೀಗಾಗಿತ್ತಲ್ಲ ಎನ್ನಿಸಬಹುದು. ಆದರೆ ಅಂದು ಒಮ್ಮೆ ಬಂದುಹೋದದ್ದು ಇಂದು ವರ್ಷವರ್ಷವೂ ಅದರ ಸಮೀಪಕ್ಕೇ ಬರುತ್ತಿದೆ. ಈ ವ್ಯತ್ಯಾಸವನ್ನು ತೋರಿಸಲು ಉದ್ದನೆಯ ಸರಣಿಗಲ್ಲದೆ ಬೇರಾವುದಕ್ಕೂ ಸಾಧ್ಯವಿಲ್ಲ.

ಎರಡನೆಯದು, ಮರವೊಂದು ಹೂಬಿಟ್ಟಿದೆ ಎನ್ನುವುದು ಯಾವಾಗ? ಇದನ್ನೂ ನಾನು ಜಪಾನಿನಿಂದಲೇ ಪಡೆದೆ. ಅಲ್ಲಿಯ ಹವಾಮಾನ ಇಲಾಖೆ ಊರೂರಿನಲ್ಲಿ ಒಂದು ಮಾದರಿ ಮರವನ್ನು ಗೊತ್ತುಮಾಡಿಕೊಂಡಿದೆ. ಟೋಕಿಯೋದಲ್ಲಿ ಅದು ಯಾಸುಕುನಿ ದೇಗುಲದ ಆವರಣದಲ್ಲಿದೆ. ಆ ಮರದಲ್ಲಿ ಐದಾರು ಹೂವುಗಳು ಅರಳಿದಾಗ ಹೂಬಿಡುವಿಕೆ ಆರಂಭವಾಯಿತೆಂದೂ, ಸುಮಾರು ಶೇ. 80ರಷ್ಟು ಮೊಗ್ಗುಗಳು ಅರಳಿದಾಗ ತುಂಬು ಹೂವೆಂದೂ ಘೋಷಿಸುತ್ತಾರೆ. ಯಾರು ನೋಡಿದರೂ ಒಂದೇ ಉತ್ತರ ಬರಬೇಕೆಂಬುದು ಇದರ ಉದ್ದೇಶ. ನಾವೂ ನಮ್ಮ ಮರಗಳಿಗೆ ಸಂಖ್ಯೆ ಕೊಟ್ಟು, ಪ್ರತಿ ಮರದಲ್ಲಿ ದಿಕ್ಕಿಗೊಂದರಂತೆ ಕೊಂಬೆಗಳನ್ನು ಬಣ್ಣದ ಬಳೆ ಬಳಿದು ಗುರುತಿಸಿ, ಆ ಕೊಂಬೆಗಳ ಮೊಗ್ಗು, ಅರಳಿದ ಹೂವು, ಬಾಡಿದ ಹೂವು, ಕಾಯಿ ಇವನ್ನು ಬೇರೆಬೇರೆಯಾಗಿ ಎಣಿಸುವ ಪದ್ಧತಿ ಮಾಡಿಕೊಂಡೆವು. ಕೈಗೆಟುಕದ ಎತ್ತರದ ಮರಗಳಿಗೆ ಮಾತ್ರ ಸೀಸನ್‌ವಾಚ್ ಎಂಬ ಜನವಿಜ್ಞಾನ ಯೋಜನೆಯವರು ಬಳಸುವಂತೆ ಇಲ್ಲ, ಕೆಲವು, ಹಲವು ಎಂಬ ಮೂರು ದರ್ಜೆ ಸಾಕೆಂದುಕೊಂಡೆವು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಹೊಂಗೆಗಳು ನನ್ನ ಮುಖ್ಯ ಮರಗಳು. ಹೊಂಗೆ ನಮ್ಮಲ್ಲಿ ಹಳೆಯ ಎಲೆ ಉದುರಿಸಿ, ಹೊಳೆಯುವ ಎಳೆಚಿಗುರಿನ ಜೊತೆಜೊತೆಗೇ ಹೂಗೊಂಚಲು ತೆಗೆಯುತ್ತದೆ. ದೂರದಿಂದ ಚಿಗುರಿನ ಮಿಂಚೇ ಕಣ್ಣಿಗೆ ಹೊಡೆಯುವುದರಿಂದ, ಹೂವು ಬಂದದ್ದು ತಿಳಿಯುವುದು ಬಹುಪಾಲು ಜನರಿಗೆ ನೆಲದ ಮೇಲೆ ಬಿಳಿ ನಸುನೇರಳೆ ಹಾಸು ಬಿದ್ದ ಮೇಲೆಯೇ. ಆದರೆ ಗೊಂಚಲನ್ನು ಕೈಯಲ್ಲಿ ಹಿಡಿದು ಮಸೂರದಲ್ಲಿ ನೋಡಿದರೆ ಬುಡದಿಂದ ತುದಿಯವರೆಗೆ ಬೇರೆಬೇರೆ ವಯಸ್ಸಿನ ಮೊಗ್ಗುಗಳು ಒಂದರ ಮೇಲೊಂದು ಸಾಲಾಗಿ ಕಾಣುತ್ತವೆ: ಕೆಳಗೆ ಅರಳಿ ಬಿದ್ದ ಹೂವಿನ ತೊಟ್ಟು, ಅದರ ಮೇಲೆ ಅವರೆ ಹೂವಿನಂತೆ ಪಕಳೆ ಬಿಚ್ಚಿದ ಹೂವು, ಇನ್ನೂ ಮೇಲೆ ಕಂದುಗೆಂಪು ಬಟ್ಟಲಿನಲ್ಲಿ ಮುಚ್ಚಿಕೊಂಡ ಮೊಗ್ಗು, ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಮೊಗ್ಗಿನ ಕುಡಿ. ಇವುಗಳ ನಡುವೆ ಕೆಲವು ದುಂಡಗೆ ಊದಿಕೊಂಡು ಹಸಿರಾಗಿಯೇ ಉಳಿದಿರುತ್ತವೆ. ಅವು ಅರಳುವ ಮೊಗ್ಗುಗಳಲ್ಲ. ಭತ್ತದ ಕಣೆ ನೊಣದ ಕುಟುಂಬಕ್ಕೇ ಸೇರಿದ ಸಣ್ಣ ನೊಣವೊಂದು ಮೊಗ್ಗಿನಲ್ಲಿ ಮೊಟ್ಟೆಯಿಟ್ಟು, ಒಳಗೆ ಮರಿ ಬೆಳೆದಂತೆ ಮೊಗ್ಗು ಗಂಟಾಗುತ್ತದೆ. ಗಂಟನ್ನು ಮೊಗ್ಗಿನ ಲೆಕ್ಕಕ್ಕೆ ಸೇರಿಸಿದರೆ ಮರದಲ್ಲಿ ಹೂವು ತಡವಾಗುತ್ತಿದೆ ಎಂಬ ಸುಳ್ಳು ಚಿತ್ರ ಹುಟ್ಟುತ್ತದೆ. ಹೀಗಾಗಿ ನಮ್ಮ ಪಟ್ಟಿಯಲ್ಲಿ ಗಂಟಿಗೇ ಪ್ರತ್ಯೇಕ ಕಾಲಂ ಇದೆ. ಮಂಡ್ಯದ ಭತ್ತದ ಗದ್ದೆಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ.

ಎಣಿಕೆಯನ್ನು ನಕ್ಷೆಯಲ್ಲಿ ಗುರುತಿಸಿದಾಗ ನನಗೆ ಖಚಿತವಾದ ಸಂಗತಿ ಈ ಬರಹದ ಶೀರ್ಷಿಕೆಯಲ್ಲಿದೆ. ಒಂದೇ ಮರದಲ್ಲಿ ಬೀದಿದೀಪದ ಬಳಿಯ ಅಥವಾ ಬಿಸಿಯಾದ ಗೋಡೆಯ ಪಕ್ಕದ ಒಂಟಿ ಕೊಂಬೆಯೊಂದು ಉಳಿದ ಮರಕ್ಕಿಂತ ಬಹಳ ಮೊದಲೇ ನಾಲ್ಕು ಹೂವು ತೋರಿಸಿಬಿಡುತ್ತದೆ. ಮೊದಲ ಹೂವಿನ ತಾರೀಖು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗಿ ಕುಣಿದರೂ, ಮರ ಹೂವಿನಿಂದ ತುಂಬಿ ನಿಲ್ಲುವ ವಾರ ಅಷ್ಟಾಗಿ ಕದಲದಿರುವುದನ್ನು ನಮ್ಮ ಪಟ್ಟಿಗಳಲ್ಲಿ ಮತ್ತೆಮತ್ತೆ ಕಂಡಿದ್ದೇನೆ. ಮರಗಳ ಸಂಖ್ಯೆ ಹೆಚ್ಚಿದಷ್ಟೂ, ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಮೊದಲ ಹೂವು ಬೇಗ ಸಿಗುತ್ತದೆ ಎಂಬುದನ್ನೂ ಮರೆಯಬಾರದು. ಆರಂಭ, ಏರು, ತುದಿ, ಇಳಿತ, ಕೊನೆ ಎಲ್ಲವನ್ನೂ ಒಳಗೊಂಡ ಇಡೀ ಅವಧಿಯನ್ನು ಹಿಡಿದಿಟ್ಟರೆ ಮಾತ್ರ ಹೂಬಿಡುವ ಕಾಲವನ್ನು ದಾಖಲಿಸಿದಂತೆ.

ಇದನ್ನು ಅತ್ಯಂತ ತಾಳ್ಮೆಯಿಂದ ಮಾಡಿ ತೋರಿಸಿದವರು ಅಮೆರಿಕದ ಜೀವವಿಜ್ಞಾನಿ ಡೇವಿಡ್ ಇನೌಯೆ. ಕೊಲರಾಡೊ ರಾಜ್ಯದ ರಾಕಿ ಪರ್ವತಗಳಲ್ಲಿ, ಸುಮಾರು 2,900 ಮೀಟರ್ ಎತ್ತರದ ಗಾಥಿಕ್ ಎಂಬಲ್ಲಿ, 1973ರಿಂದ ಗುರುತು ಮಾಡಿದ ಚೌಕಗಳೊಳಗೆ ಕುಳಿತು, ಬೇಸಿಗೆಯುದ್ದಕ್ಕೂ ದಿನ ಬಿಟ್ಟು ದಿನ ಹೂವುಗಳನ್ನು ಎಣಿಸುವ ಕೆಲಸವನ್ನು ಅವರು ಆರಂಭಿಸಿದರು. 39 ವರ್ಷಗಳಲ್ಲಿ ಎಣಿಸಿದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೂವುಗಳ ಲೆಕ್ಕವನ್ನು ಇಟ್ಟುಕೊಂಡು 60 ಜಾತಿಯ ಗಿಡಗಳ ವಿಶ್ಲೇಷಣೆ 2014ರಲ್ಲಿ ಪ್ರಕಟವಾಯಿತು. ಆ ಹುಲ್ಲುಗಾವಲಿನ ಒಟ್ಟು ಹೂವಿನ ಕಾಲ ಸುಮಾರು 35 ದಿನಗಳಷ್ಟು ಹಿಗ್ಗಿದೆ ಎಂದು ಅದರಿಂದ ತಿಳಿಯಿತು. ಆರಂಭ, ತುದಿ, ಕೊನೆ ಈ ಮೂರೂ ಒಟ್ಟಿಗೆ ಸರಿಯದೆ ಒಂದೊಂದು ಜಾತಿಯಲ್ಲಿ ಒಂದೊಂದು ಬಗೆಯಾಗಿ ಸರಿದಿದ್ದವು. ಮೊದಲ ಹೂವಿನ ತಾರೀಖನ್ನಷ್ಟೇ ನೋಡಿದ್ದರೆ ಬದಲಾದ ಜಾತಿಗಳ ಸಂಖ್ಯೆ ಕಡಿಮೆಯಾಗಿಯೂ, ಬದಲಾವಣೆಯ ಪ್ರಮಾಣ ಹೆಚ್ಚಾಗಿಯೂ ಕಾಣುತ್ತಿತ್ತೆಂದು ಸಂಶೋಧಕರೇ ಹೇಳಿದ್ದಾರೆ. ಕೆರೆ ಏರಿಯ ಮೇಲೆ ಬಿಸಿಲಿನಲ್ಲಿ ನಿಂತು ಬಾಡಿದ ಹೂವನ್ನೂ ಯಾಕೆ ಎಣಿಸಬೇಕು ಎಂದು ಕೇಳುವ ವಿದ್ಯಾರ್ಥಿಗೆ ನಾನು ಕೊಡುವ ಉತ್ತರ ಇದೇ.

ಗಾಥಿಕ್‌ನ ದಾಖಲೆಯಲ್ಲಿ ಇನ್ನೊಂದು ಅಂಶವಿದೆ. ನನ್ನ ಮಟ್ಟಿಗೆ ಶೀತ ಪ್ರದೇಶದ ಇಡೀ ಕಥೆಯಲ್ಲಿ ಅದೇ ಹೆಚ್ಚು ಆತಂಕ ಹುಟ್ಟಿಸುವಂಥದು. ಅಲ್ಲಿ ಗಿಡಗಳ ಕಾಲಗಣನೆ ಶುರುವಾಗುವುದು ಹಿಮ ಕರಗಿದ ದಿನದಿಂದ. ಚಳಿಗಾಲದ ಹಿಮ ಕಂಬಳಿಯಂತೆ ಗಿಡದ ಮೇಲೆ ಹೊದ್ದುಕೊಂಡಿರುವಷ್ಟು ದಿನ, ಹೊರಗಿನ ಕೊರೆತ ಒಳಗಿನ ಮೊಗ್ಗನ್ನು ತಾಕುವುದಿಲ್ಲ. ಹಿಮ ಬೇಗ ಕರಗಿದರೆ ಗಿಡ ಬೇಗ ಚಿಗುರಿ ಮೊಗ್ಗು ತೆಗೆಯುತ್ತದೆ, ಆದರೆ ಜೂನ್ ತಿಂಗಳ ರಾತ್ರಿಗಳ ಕಡುಚಳಿ ಅಷ್ಟೇ ಬೇಗ ಹಿಂದೆ ಸರಿಯುವುದಿಲ್ಲ. ಆಸ್ಪೆನ್ ಸನ್‌ಫ್ಲವರ್ ಎಂದು ಕರೆಯುವ, ಸೂರ್ಯಕಾಂತಿಯ ಕುಟುಂಬದ ಬಹುವಾರ್ಷಿಕ ಗಿಡವೊಂದರಲ್ಲಿ 1992ರಿಂದ 1998ರವರೆಗೆ ಸರಾಸರಿ ಶೇ. 36ರಷ್ಟು ಮೊಗ್ಗುಗಳು ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಸುಟ್ಟುಹೋಗಿದ್ದವು. 1999ರಿಂದ 2006ರ ಅವಧಿಯಲ್ಲಿ ಆ ಪ್ರಮಾಣ ಶೇ. 74ಕ್ಕೆ ಏರಿತು. ಜಗತ್ತು ಬಿಸಿಯಾದಾಗ ಗಿಡವೊಂದರ ಮೊಗ್ಗು ಚಳಿಯಿಂದ ಸಾಯುತ್ತದೆ ಎಂದರೆ ತರಗತಿಯಲ್ಲಿ ಯಾರೂ ಸುಲಭವಾಗಿ ನಂಬುವುದಿಲ್ಲ. ಹಿಮ ಕರಗಿದ ದಿನ ಮತ್ತು ಕೊನೆಯ ಕಡುಚಳಿಯ ದಿನ ಎಂಬ ಎರಡು ಗೆರೆಗಳನ್ನು ಕರಿಹಲಗೆಯ ಮೇಲೆ ಎಳೆದು, ಒಂದನ್ನು ಮಾತ್ರ ಎಡಕ್ಕೆ ಸರಿಸಿ ತೋರಿಸಿದರೆ ನಂಬುತ್ತಾರೆ.

ಇನ್ನೂ ಉತ್ತರಕ್ಕೆ, ಗ್ರೀನ್‌ಲ್ಯಾಂಡಿನ 74 ಡಿಗ್ರಿ ಅಕ್ಷಾಂಶದ ಜಾಕೆನ್‌ಬರ್ಗ್‌ನಲ್ಲಿ, 1996ರಿಂದ ಹತ್ತು ವರ್ಷಗಳಲ್ಲಿ ಗಿಡಗಳ ಹೂವು, ಕೀಟಗಳ ಹೊರಬರುವಿಕೆ, ಹಕ್ಕಿಗಳ ಮೊಟ್ಟೆಯಿಡುವಿಕೆ ಇವೆಲ್ಲ ಸೇರಿ ಸರಾಸರಿ 14.5 ದಿನ ಮುಂಚಿತವಾದವು. ಕೊಲರಾಡೊದಲ್ಲಿ ಹಿಗ್ಗಿದ ಹೂವಿನ ಕಾಲ ಅಲ್ಲಿ ಕುಗ್ಗಿದೆ, ಹೂವಿಗೆ ಬರುವ ನೊಣಗಳೂ ಕಡಿಮೆಯಾಗಿವೆ. ಶೀತ ಪ್ರದೇಶ ಎಂಬ ಒಂದೇ ಹೆಸರಿನಡಿ ಎರಡು ವಿರುದ್ಧ ಫಲಿತಾಂಶಗಳು ಇರಬಹುದು ಎಂಬುದಕ್ಕೆ ನಾನು ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕಲಿಸುತ್ತೇನೆ.

ಇಷ್ಟೊಂದು ಸರಿತ ಶೀತ ಪ್ರದೇಶಗಳಲ್ಲೇ ಏಕೆ ಎದ್ದು ಕಾಣುತ್ತದೆ ಎಂಬುದನ್ನು ವಿವರಿಸಲು ನಾನು ಮಾಡಿಸುವ ಲೆಕ್ಕವೊಂದಿದೆ. ಮೊಗ್ಗು ಅರಳಲು ಇಂತಿಷ್ಟು ಶಾಖ ಕೂಡಿಬರಬೇಕೆಂಬ ವಿಚಾರವನ್ನು ಫ್ರಾನ್ಸಿನ ವಿಜ್ಞಾನಿ ರೆಯೊಮೂರ್ 1735ರಲ್ಲೇ ಮುಂದಿಟ್ಟಿದ್ದರು. ಈಗ ಅದನ್ನು ಡಿಗ್ರಿ-ದಿನ ಎನ್ನುತ್ತೇವೆ. ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳ ಸರಾಸರಿಯಿಂದ ಒಂದು ತಳಮಟ್ಟವನ್ನು, ಉದಾಹರಣೆಗೆ 5 ಡಿಗ್ರಿಯನ್ನು, ಕಳೆದರೆ ಆ ದಿನದ ಗಳಿಕೆ ಸಿಗುತ್ತದೆ. ಚಳಿಯ ಊರೊಂದರಲ್ಲಿ ವಸಂತದ ದಿನಗಳ ಸರಾಸರಿ 10 ಡಿಗ್ರಿ ಇದ್ದು, ಗಿಡಕ್ಕೆ 150 ಡಿಗ್ರಿ-ದಿನ ಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೆ 5ರಂತೆ 30 ದಿನ ಬೇಕು. ಹವೆ ಎರಡು ಡಿಗ್ರಿ ಬಿಸಿಯಾದರೆ ದಿನದ ಗಳಿಕೆ 7ಕ್ಕೆ ಏರಿ ಸುಮಾರು 21 ದಿನಗಳಲ್ಲೇ ಮೊತ್ತ ತುಂಬುತ್ತದೆ. ಅಂದರೆ ಎಂಟೊಂಬತ್ತು ದಿನ ಮುಂಚೆ. ಇದೇ ಲೆಕ್ಕವನ್ನು ಮೈಸೂರಿಗೆ, ಸರಾಸರಿ 25 ಡಿಗ್ರಿ ಎಂದು ಹಿಡಿದು ಹಾಕಿದರೆ ದಿನಕ್ಕೆ 20ರಂತೆ ಏಳೂವರೆ ದಿನ ಬೇಕು. ಎರಡು ಡಿಗ್ರಿ ಏರಿದರೂ ಉಳಿತಾಯವಾಗುವುದು ಒಂದು ದಿನಕ್ಕಿಂತ ಕಡಿಮೆ. ತಳಮಟ್ಟದ ಹತ್ತಿರ ಬದುಕುವ ಗಿಡಕ್ಕೆ ಒಂದೊಂದು ಡಿಗ್ರಿಯೂ ದೊಡ್ಡ ಗಳಿಕೆ, ನಮ್ಮ ಮರಗಳಿಗೆ ಶಾಖದ ಕೊರತೆ ಎಂದೂ ಇಲ್ಲ. ಅಮೆರಿಕದ ಕಾನ್‌ಕಾರ್ಡ್ ಊರಿನಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ಬರೆದಿಟ್ಟ ಹೂವಿನ ದಿನಗಳನ್ನು ಜೀವವಿಜ್ಞಾನಿ ರಿಚರ್ಡ್ ಪ್ರೈಮ್ಯಾಕ್ ಮತ್ತು ಅವರ ಸಹೋದ್ಯೋಗಿ ಹೊಸ ದಾಖಲೆಗಳೊಡನೆ ಹೋಲಿಸಿದಾಗ, ಅಲ್ಲಿಯ ಉಷ್ಣಾಂಶ 2.4 ಡಿಗ್ರಿ ಏರಿದ್ದಕ್ಕೆ ಗಿಡಗಳು ಸರಾಸರಿ 7 ದಿನ ಬೇಗ ಹೂಬಿಡುತ್ತಿರುವುದು ಕಂಡಿತು. ಕರಿಹಲಗೆಯ ಸರಳ ಲೆಕ್ಕಕ್ಕೆ ಅದು ಅಷ್ಟೇನೂ ದೂರವಿಲ್ಲ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ಶೀತ ಪ್ರದೇಶದ ಅನೇಕ ಗಿಡಗಳಿಗೆ ಶಾಖಕ್ಕಿಂತ ಮೊದಲು ಚಳಿಯೇ ಬೇಕು. ಸೇಬಿನ ಬಹುಪಾಲು ಹಳೆಯ ತಳಿಗಳ ಮೊಗ್ಗು ಎಚ್ಚರಗೊಳ್ಳಬೇಕಾದರೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆಗಳಷ್ಟು ಸಿಗಬೇಕು. ಸಿಗದಿದ್ದರೆ ಹೂವು ತಡವಾಗುತ್ತದೆ, ಒಂದೇ ಮರದಲ್ಲಿ ಹಿಂದುಮುಂದಾಗಿ ಅರಳುತ್ತದೆ, ಕಾಯಿ ಕಚ್ಚುವುದು ಕುಸಿಯುತ್ತದೆ. ಹಿಮಾಚಲದ ತಗ್ಗಿನ ಕಣಿವೆಗಳಿಂದ ಸೇಬಿನ ಬೇಸಾಯ ಕಿನ್ನೌರ್, ಲಾಹೌಲ್-ಸ್ಪಿತಿಗಳ ಕಡೆಗೆ ಏರುತ್ತಿರುವುದಕ್ಕೆ ಇದೂ ಒಂದು ಕಾರಣ. ಪೂರ್ವ ಹಿಮಾಲಯದ ಕಡೆಯ, ಚೀನಾದ ಯುಲೊಂಗ್ ಪರ್ವತದಿಂದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸಂಗ್ರಹಿಸಿದ ರೋಡೋಡೆಂಡ್ರಾನ್‌ನ ಒಣಮಾದರಿಗಳ ಮೇಲೆ ನಡೆದ ಅಧ್ಯಯನ ಈ ಎಳೆದಾಟವನ್ನು ಸ್ಪಷ್ಟವಾಗಿ ತೋರಿಸಿದೆ: ವರ್ಷದ ಸರಾಸರಿ ಒಂದು ಡಿಗ್ರಿ ಏರಿದರೆ ಹೂವು ಎರಡು ದಿನಕ್ಕೂ ತುಸು ಹೆಚ್ಚು ಬೇಗ ಬರುತ್ತದೆ, ಶರತ್ಕಾಲವೇ ಒಂದು ಡಿಗ್ರಿ ಬೆಚ್ಚಗಾದರೆ ಎರಡೂವರೆ ದಿನ ತಡವಾಗುತ್ತದೆ. ಬಿಸಿ ಹೆಚ್ಚಾಯಿತು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಹೆಚ್ಚಾಯಿತು ಎಂಬುದೇ ಇಲ್ಲಿ ಮುಖ್ಯ. ಉತ್ತರಾಖಂಡದಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಅರಳುವ ಬುರಾಂಶ್ ಜನವರಿ, ಫೆಬ್ರುವರಿಯಲ್ಲೇ ಕೆಂಪಾಗಿ ನಿಂತ ಸುದ್ದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಆ ವರ್ಷದ ಚಳಿಗಾಲದ ಮಳೆ, ಹಿಮಗಳ ವಿವರವನ್ನು.

ಅದೇ ಬುರಾಂಶ್‌ನ ದಕ್ಷಿಣದ ಉಪಜಾತಿಯೊಂದು ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ ಬೆಳೆಯುತ್ತದೆ. ಗುಂಡ್ಲುಪೇಟೆ, ಬಂಡೀಪುರದ ದಾರಿಯಲ್ಲಿ ಹೊರಟರೆ ಮೈಸೂರಿನವರಿಗೆ ಇಬ್ಬನಿ ಹೆಪ್ಪುಗಟ್ಟುವ ನೆಲ ಕೆಲವೇ ಗಂಟೆಗಳ ದೂರದಲ್ಲಿದೆ ಎಂಬುದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಸುತ್ತ ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ದು ನಾನು ತೋರಿಸುವುದು ಅರಳಿದ ಕೆಂಪು ಹೂವಿಗಿಂತ ಹೆಚ್ಚಾಗಿ ಅರಳದ ಮೊಗ್ಗನ್ನು. ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಗಟ್ಟಿ ಹೊರಪೊರೆಗಳನ್ನು ಒಂದೊಂದಾಗಿ ಬಿಡಿಸಿದರೆ, ನಡುವೆ ಇಡೀ ಗೊಂಚಲಿನ ಹೂವುಗಳು ಎಳೆರೂಪದಲ್ಲಿ ಆಗಲೇ ಸಿದ್ಧವಾಗಿರುತ್ತವೆ. ತಿಂಗಳುಗಳ ಹಿಂದೆಯೇ ರೂಪುಗೊಂಡ ಹೂವು ಅದು. ಅರಳುವ ದಿನ ಈ ವರ್ಷದ ಹವೆಯನ್ನು ನೆಚ್ಚಿದ್ದರೂ ಎಷ್ಟು ಹೂವು ಬರಬೇಕೆಂಬುದನ್ನು ಹಿಂದಿನ ಋತು ನಿರ್ಧರಿಸಿಬಿಟ್ಟಿರುತ್ತದೆ.

ಹಾಗಾದರೆ ನಮ್ಮ ಬಯಲಿನ ಮರಗಳು? ಮಾವಿನ ಮೊಗ್ಗು ಮೂಡಲು ತಂಪು ರಾತ್ರಿಗಳೂ ಒಣಹವೆಯೂ ನೆರವಾಗುತ್ತವೆ, ಹೂವು ಬಂದ ಮೇಲೆ ಮೋಡ ಮುಸುಕಿ ಹನಿಯಾಡಿದರೆ ಬೂದಿರೋಗ, ಜಿಗಿಹುಳು ಬಂದು ಹೂವು ಕಪ್ಪಾಗುತ್ತದೆ; ಶ್ರೀರಂಗಪಟ್ಟಣ, ಮದ್ದೂರು ಕಡೆಯ ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹೊಂಗೆ, ಮುತ್ತುಗ, ಕಕ್ಕೆಗಳು ಎಲೆ ಉದುರಿಸುವ ಒಣಗಾಲದ ಲಯಕ್ಕೆ ಹೊಂದಿಕೊಂಡವು. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಉಷ್ಣಾಂಶಕ್ಕಿಂತ ಮೊದಲ ಕಾಲಂ ಮಳೆಯದು: ಹಿಂಗಾರು ಕೊನೆಯ ಬಾರಿ ಸುರಿದದ್ದು ಯಾವಾಗ, ನಡುವೆ ಅಕಾಲದ ಮಳೆ ಬಂತೇ, ಮರದ ಬುಡಕ್ಕೆ ನಾಲೆಯ ಅಥವಾ ಚರಂಡಿಯ ನೀರು ತಾಕುತ್ತದೆಯೇ. ವಿಶ್ವೇಶ್ವರಯ್ಯ ನಾಲೆಯ ಬಗಲಿನ ಮರವನ್ನೂ ಮಳೆಯನ್ನೇ ನಂಬಿದ ಚಾಮುಂಡಿ ಬೆಟ್ಟದ ಮರವನ್ನೂ ಒಂದೇ ಗುಂಪಿಗೆ ಸೇರಿಸುವುದಿಲ್ಲ. ಮೈಸೂರಿನ ಹೊಂಗೆ ಹವಾಮಾನ ಬದಲಾವಣೆಯಿಂದ ಇಷ್ಟು ದಿನ ಸರಿದಿದೆ ಎಂದು ಹೇಳಲು ನಮ್ಮ ಸರಣಿ ಇನ್ನೂ ಚಿಕ್ಕದು. ವಿದ್ಯಾರ್ಥಿಗಳು ವರದಿಯಲ್ಲಿ ಅಂಥ ವಾಕ್ಯ ಬರೆದರೆ ನಾನು ಅದನ್ನು ಹೊಡೆದುಹಾಕಿಸುತ್ತೇನೆ.

ಹೊಸದಾಗಿ ಆರಂಭಿಸುವವರಿಗೆ ಎರಡು ವಿಷಯಗಳನ್ನು ಒತ್ತಿ ಹೇಳಬೇಕು. ಹೂವಿಲ್ಲದ ವಾರದಲ್ಲಿಯೂ ಮರದ ಬಳಿ ಹೋಗಿ ಸೊನ್ನೆ ಎಂದು ಬರೆಯಬೇಕು, ಏಕೆಂದರೆ ಪಟ್ಟಿಯಲ್ಲಿ ಖಾಲಿ ಬಿಟ್ಟ ಮನೆಯನ್ನು ನೋಡಿ ಹೂವಿರಲಿಲ್ಲವೋ ನೋಡುವವರು ಹೋಗಲಿಲ್ಲವೋ ಎಂದು ಹತ್ತು ವರ್ಷದ ನಂತರ ಯಾರಿಗೂ ತಿಳಿಯದು. ಇನ್ನೊಂದು, ಮರ ಹೋದಾಗ ಏನು ಮಾಡಬೇಕೆಂಬುದು. ರಸ್ತೆ ಅಗಲಿಸುವಾಗ, ಗಾಳಿಮಳೆಗೆ, ತಂತಿಗೆ ತಾಕುತ್ತದೆಂದು ಕೊಂಬೆ ಕಡಿದಾಗ ನಮ್ಮ ಗುರುತಿನ ಮರಗಳು ಕಡಿಮೆಯಾಗುತ್ತವೆ. ಆಗ ಪಕ್ಕದ ಮರವನ್ನು ಅದೇ ಸಂಖ್ಯೆಯಲ್ಲಿ ಮುಂದುವರಿಸುವಂತಿಲ್ಲ, ಒಂದೇ ಬೀದಿಯ ಎರಡು ಹೊಂಗೆಗಳ ನಡುವೆಯೇ ವಾರಗಳ ಅಂತರ ಇರುತ್ತದೆ. ಜಪಾನಿನಲ್ಲಿ ಮಾದರಿ ಮರದ ಜೊತೆ ಉಪಮಾದರಿ ಮರಗಳನ್ನೂ ಗಮನಿಸುತ್ತ ಬರುವ ಪದ್ಧತಿಯಿದೆ. ನಾವೂ ಈಗ ಪ್ರತಿ ಮುಖ್ಯ ಮರಕ್ಕೆ ಒಂದು ಜೋಡಿ ಮರವನ್ನು ಗೊತ್ತುಮಾಡಿ, ಎರಡರ ಎಣಿಕೆಯನ್ನೂ ಒಟ್ಟಿಗೆ ನಡೆಸುತ್ತಿದ್ದೇವೆ. ಕಡಿದುಹೋದ ಮರದ ಸಂಖ್ಯೆಯ ಮುಂದೆ ಕಡಿದ ತಾರೀಖು ಬರೆದು ಆ ಸಾಲನ್ನು ಮುಚ್ಚುತ್ತೇವೆ, ಜೋಡಿ ಮರ ತನ್ನ ಸ್ವಂತ ಸಂಖ್ಯೆಯಲ್ಲೇ ಮುಂದುವರಿಯುತ್ತದೆ.